ಹತ್ತು ಪಲ್ಟಿ ಹೊಡೆದ ಕಾರಿನಿಂದ ಚಾಲಕ ಎದ್ದು ಬಂದದ್ದು ಪವಾಡವೇ?

ಈ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ರಾತ್ರಿ ದೀಪದ ಬೆಳಕಿನಲ್ಲಿ ಬಣ್ಣಬಣ್ಣದ ಕಾರುಗಳು ಒಂದಕ್ಕೊಂದು ಅಂಟಿಕೊಂಡಂತೆ ನುಗ್ಗುತ್ತಿರುತ್ತವೆ. ಒಂದು ಕಾರು ಜಾರಿ ಅಡ್ಡ ತಿರುಗುತ್ತದೆ, ಪಕ್ಕದ ಹುಲ್ಲಿಗೆ ಇಳಿಯುತ್ತದೆ, ನೋಡನೋಡುತ್ತಿದ್ದಂತೆ ಗಾಳಿಗೆ ಏಳುತ್ತದೆ. ಆಮೇಲೆ ಪಲ್ಟಿಯ ಮೇಲೆ ಪಲ್ಟಿ. ಎಣಿಸಲು ವಿಡಿಯೊ ಎರಡು ಸಲ ನೋಡಬೇಕು. ಕಾರು ನಿಂತ ಮೇಲೆ ಚಾಲಕ ಹೊರಗೆ ಬರುತ್ತಾನೆ.

ಇಂಥ ವಿಡಿಯೊ ಹಂಚಿಕೆಯಾದಾಗ ಕೆಳಗೆ ಸಾಮಾನ್ಯವಾಗಿ ಎರಡು ಬಗೆಯ ಮಾತು ಇರುತ್ತವೆ. ‘ಆಯುಸ್ಸು ಗಟ್ಟಿ ಇದ್ದರೆ ಯಾರೂ ಏನೂ ಮಾಡಲಾಗದು’ ಎಂಬುದು ಒಂದು. ‘ಇದು ಎಐ ವಿಡಿಯೊ, ಮನುಷ್ಯ ಬದುಕುವ ಅಪಘಾತ ಅಲ್ಲ’ ಎಂಬುದು ಇನ್ನೊಂದು. ಎರಡೂ ಸರಿಯಲ್ಲ.

ವಿಡಿಯೊ ನಿಜ. ಅದು 2023ರ ಆಗಸ್ಟ್ 26ರಂದು ಅಮೆರಿಕದ ಫ್ಲಾರಿಡಾ ರಾಜ್ಯದ ಡೇಟೋನಾ ಟ್ರ್ಯಾಕಿನಲ್ಲಿ ನಡೆದದ್ದು. ಚಾಲಕನ ಹೆಸರು ರಯಾನ್ ಪ್ರೀಸ್. ಕಾರು ಹತ್ತಕ್ಕೂ ಹೆಚ್ಚು ಸಲ ಉರುಳಿತು. ಅವನನ್ನು ಆಸ್ಪತ್ರೆಗೆ ಸೇರಿಸಿ ರಾತ್ರಿಯಿಡೀ ನೋಡಿಕೊಂಡರು, ಮರುದಿನವೇ ಮನೆಗೆ ಕಳಿಸಿದರು. ಮುಂದಿನ ವಾರದ ಓಟಕ್ಕೆ ಅವನು ಬಂದಾಗ ಎರಡೂ ಕಣ್ಣು ಕೆಂಪಾಗಿದ್ದವು, ಸುತ್ತ ಕಪ್ಪುಗಟ್ಟಿತ್ತು. ಕಾರು ಗಿರಗಿರನೆ ಉರುಳುವಾಗ ರಕ್ತ ತಲೆಯ ಕಡೆಗೆ ನುಗ್ಗುತ್ತದೆ, ಕಣ್ಣಿನ ಸೂಕ್ಷ್ಮ ರಕ್ತನಾಳಗಳು ಒಡೆದು ಹೀಗೆ ಕಾಣುತ್ತದೆ. ನೋಡಲು ಭಯವಾಗುತ್ತದೆ, ಆದರೆ ಸಾಮಾನ್ಯವಾಗಿ ತಾನಾಗಿಯೇ ಮಾಯುತ್ತದೆ.

ಫಾರ್ವರ್ಡ್ ಅಲ್ಲಿಗೆ ಮುಗಿಯುತ್ತದೆ. ಪ್ರೀಸ್‌ಗೆ ಮುಗಿಯಲಿಲ್ಲ. ಐದು ವಾರದ ನಂತರ, ಅಕ್ಟೋಬರ್ 1ಕ್ಕೆ, ಅಲಬಾಮಾದ ಟ್ಯಾಲಡೇಗಾದಲ್ಲಿ ಮತ್ತೊಂದು ಓಟವಿತ್ತು. ಡೇಟೋನಾಕ್ಕಿಂತ ದೊಡ್ಡ ಟ್ರ್ಯಾಕ್, ತಿರುವುಗಳು ಇನ್ನೂ ಕಡಿದು. ಹತ್ತು ಪಲ್ಟಿ ಹೊಡೆದವನು ಅಂಥ ಓಟಕ್ಕೆ ಮತ್ತೆ ಹೇಗೆ ತಯಾರಾಗುತ್ತಾನೆ? ಆ ತಯಾರಿಯನ್ನು ಬಿಡಿಸಿ ನೋಡಿದರೆ ‘ಪವಾಡ’ದ ಪ್ರಶ್ನೆಗೆ ಉತ್ತರ ಅದರೊಳಗೇ ಸಿಗುತ್ತದೆ.

ನಿಧಾನ ಮಾಡಿದ್ದಕ್ಕೇ ಬಂದ ಅಪಾಯ

ಇದು ಫಾರ್ಮುಲಾ ಒನ್ ಅಲ್ಲ. ಇದರ ಹೆಸರು ಸ್ಟಾಕ್ ಕಾರ್ ರೇಸಿಂಗ್, ನಡೆಸುವ ಸಂಸ್ಥೆ ನ್ಯಾಸ್ಕಾರ್. ಕಾರು ಹೊರಗಿನಿಂದ ರಸ್ತೆಯ ಕಾರಿನಂತೆ ಕಾಣುತ್ತದೆ, ಒಳಗೆ ಉಕ್ಕಿನ ಕೊಳವೆಗಳ ಪಂಜರ. ಏರ್‌ಬ್ಯಾಗ್ ಇಲ್ಲ. ಓಟದ ಟ್ರ್ಯಾಕುಗಳಲ್ಲಿ ಅತಿ ದೊಡ್ಡವು, ಅತಿ ವೇಗದವು ಸೂಪರ್‌ಸ್ಪೀಡ್‌ವೇಗಳು. ಡೇಟೋನಾದ ಒಂದು ಸುತ್ತು 4 ಕಿ.ಮೀ., ಟ್ಯಾಲಡೇಗಾದ್ದು ಸುಮಾರು 4.3 ಕಿ.ಮೀ. ತಿರುವಿನಲ್ಲಿ ರಸ್ತೆ ಡೇಟೋನಾದಲ್ಲಿ 31 ಡಿಗ್ರಿ, ಟ್ಯಾಲಡೇಗಾದಲ್ಲಿ 33 ಡಿಗ್ರಿ ಓರೆಯಾಗಿರುತ್ತದೆ. ಹೆಚ್ಚುಕಡಿಮೆ ನಮ್ಮ ಕರಾವಳಿಯ ಹಂಚಿನ ಮನೆಯ ಮಾಡಿನ ಇಳಿಜಾರು ಎಂದುಕೊಳ್ಳಿ. ಅದರ ಮೇಲೆ ನಡೆಯುವುದೇ ಕಷ್ಟ, ಇವರು ಗಂಟೆಗೆ 300 ಕಿ.ಮೀ. ವೇಗದಲ್ಲಿ ಹೋಗುತ್ತಾರೆ.

ಈ ಟ್ರ್ಯಾಕಿನ ದೊಡ್ಡ ವಿಚಿತ್ರವೆಂದರೆ ಒಂಟಿ ಕಾರು ಇಲ್ಲಿ ನಿಧಾನ. 1960ರ ಡೇಟೋನಾ 500 ಓಟಕ್ಕೆ ಜೂನಿಯರ್ ಜಾನ್ಸನ್ ಎಂಬ ಚಾಲಕ ಬಂದಾಗ ಅವನ ಷೆವ್ರೊಲೆ ಬೇರೆಯವರ ಕಾರಿಗಿಂತ ಮಂದವಾಗಿತ್ತು. ಅಭ್ಯಾಸದ ವೇಳೆ ವೇಗದ ಕಾರೊಂದರ ಬಾಲಕ್ಕೆ ಅಂಟಿಕೊಂಡು ಹೋದಾಗ ತನ್ನ ಕಾರೂ ಅದೇ ವೇಗದಲ್ಲಿ ಓಡುತ್ತದೆ ಎಂದು ಅವನಿಗೆ ಗೊತ್ತಾಯಿತು. ಆ ವರ್ಷದ ಓಟ ಗೆದ್ದವನು ಅವನೇ. ಮುಂದಿನ ಕಾರು ಗಾಳಿಯನ್ನು ಸೀಳಿಕೊಂಡು ಹೋದಾಗ ಅದರ ಹಿಂದೆ ಒತ್ತಡ ಕಡಿಮೆಯಾಗುತ್ತದೆ, ಹಿಂದಿನ ಕಾರಿಗೆ ಎದುರುಗಾಳಿ ಕಡಿಮೆ. ಹೆದ್ದಾರಿಯಲ್ಲಿ ದೊಡ್ಡ ಲಾರಿ ಪಕ್ಕದಲ್ಲೇ ಹಾದುಹೋದರೆ ಬೈಕ್ ಅಲುಗಾಡಿ ಲಾರಿಯ ಕಡೆಗೆ ಎಳೆದಂತಾಗುತ್ತದಲ್ಲ, ಆ ಗಾಳಿಯ ಆಟದ್ದೇ ಇನ್ನೊಂದು ಮುಖ ಇದು. ಈಗಲೂ ಲೆಕ್ಕ ಬದಲಾಗಿಲ್ಲ. 2023ರ ಡೇಟೋನಾ 500ರಲ್ಲಿ ಒಂಟಿಯಾಗಿ ಓಡಿ ಮೊದಲ ಸ್ಥಾನ ಪಡೆದ ಕಾರಿನ ವೇಗ ಗಂಟೆಗೆ ಸುಮಾರು 292 ಕಿ.ಮೀ. ಗುಂಪಿನಲ್ಲಿ ಸೇರಿದರೆ ಅದೇ ಕಾರುಗಳು 300 ದಾಟುತ್ತವೆ.

ಎಲ್ಲರೂ ಗುಂಪಾಗಿಯೇ ಓಡುವಂತಾದದ್ದಕ್ಕೆ ಹಿನ್ನೆಲೆಯಿದೆ. 1987ರಲ್ಲಿ ಬಿಲ್ ಎಲಿಯಟ್ ಟ್ಯಾಲಡೇಗಾದ ಅರ್ಹತಾ ಸುತ್ತಿನಲ್ಲಿ ಗಂಟೆಗೆ 342 ಕಿ.ಮೀ. ವೇಗ ಮುಟ್ಟಿದ. ಅದೇ ಓಟದಲ್ಲಿ ಬಾಬಿ ಆಲಿಸನ್‌ನ ಕಾರು ಟೈರ್ ಒಡೆದು ಗಾಳಿಗೆ ಹಾರಿ, ಪ್ರೇಕ್ಷಕರ ಮುಂದಿನ ತಂತಿಬೇಲಿಯನ್ನು ಕಿತ್ತುಹಾಕಿತು. ಪ್ರೇಕ್ಷಕರಿಗೆ ಗಾಯಗಳಾದವು. ಸ್ವಲ್ಪ ಹೆಚ್ಚುಕಡಿಮೆಯಾಗಿದ್ದರೆ ಕಾರು ಜನರ ನಡುವೆ ಬೀಳುತ್ತಿತ್ತು. 1988ರಿಂದ ಈ ಎರಡು ಟ್ರ್ಯಾಕುಗಳಲ್ಲಿ ಎಂಜಿನ್ನಿಗೆ ಹೋಗುವ ಗಾಳಿಯನ್ನೇ ತಡೆದು ಶಕ್ತಿ ಇಳಿಸಿದರು. ಬೇರೆ ರೂಪದಲ್ಲಿ ಆ ಕ್ರಮ ಇಂದಿಗೂ ಇದೆ. 2022ರಲ್ಲಿ ಬಂದ ಹೊಸ ಕಾರಿಗೆ ಹೆಚ್ಚಿನ ಟ್ರ್ಯಾಕುಗಳಲ್ಲಿ 670 ಅಶ್ವಶಕ್ತಿ ಕೊಟ್ಟರೆ, ಇಲ್ಲಿ ಕೊಟ್ಟದ್ದು ಸುಮಾರು 510.

ಆದರೆ ಎಲ್ಲರ ಶಕ್ತಿಯೂ ಇಳಿದು ಸಮವಾದರೆ ಯಾರೂ ಯಾರನ್ನೂ ಬಿಟ್ಟು ಮುಂದೆ ಹೋಗಲಾರರು. ಎಲ್ಲರೂ ಆಕ್ಸಿಲರೇಟರನ್ನು ಪೂರ್ತಿ ಒತ್ತಿಯೇ ಇರುತ್ತಾರೆ, ಮೂವತ್ತು-ನಲವತ್ತು ಕಾರುಗಳು ಎರಡು ಮೂರು ಸಾಲಾಗಿ ಕೈಚಾಚುವ ಅಂತರದಲ್ಲಿ ಓಡುತ್ತವೆ. ಒಬ್ಬ ಜಾರಿದರೆ ಇಪ್ಪತ್ತು ಕಾರು ಒಟ್ಟಿಗೆ ಹೋಗುತ್ತವೆ. ಅದಕ್ಕೆ ಅಲ್ಲಿ ‘ದಿ ಬಿಗ್ ಒನ್’ ಎಂಬ ಹೆಸರೇ ಇದೆ, ನಮ್ಮ ಬಾಯಲ್ಲಿ ‘ದೊಡ್ಡದು’. ಪ್ರೇಕ್ಷಕರನ್ನು ಕಾಪಾಡಲು ಮಾಡಿದ ನಿಯಮ ಚಾಲಕರಿಗೆ ಬೇರೊಂದು ಬಗೆಯ ಅಪಾಯ ತಂದಿಟ್ಟಿತು. ಅದನ್ನು ತಪ್ಪು ನಿಯಮ ಎನ್ನಲಾರೆ. ಬೇಲಿಯ ಆಚೆ ಕೂತವರಿಗೆ ಹೆಲ್ಮೆಟ್ಟೂ ಇಲ್ಲ, ಪಂಜರವೂ ಇಲ್ಲ.

‘ಎಡಕ್ಕೆ ತಿರುಗಿಸಿದರೆ ಆಯಿತು’ ಎನ್ನುವವರಿಗೆ

ಸ್ಟಾಕ್ ಕಾರ್ ಎಂದರೆ ಎಡಕ್ಕೆ ತಿರುಗಿಸುತ್ತಾ ಸುತ್ತುವುದು, ಅದರಲ್ಲೇನಿದೆ ಎಂಬ ತಮಾಷೆ ಅಮೆರಿಕದಲ್ಲೂ ಇದೆ. ಒಂದು ಲೆಕ್ಕ ನೋಡೋಣ. ಗಂಟೆಗೆ 300 ಕಿ.ಮೀ. ಎಂದರೆ ಸೆಕೆಂಡಿಗೆ 83 ಮೀಟರ್. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗಲು ಚುರುಕಾದವನಿಗೂ ಕಾಲು ಸೆಕೆಂಡ್ ಬೇಕು. ಅಷ್ಟರಲ್ಲಿ ಕಾರು 20 ಮೀಟರ್ ಮುಂದೆ ಹೋಗಿರುತ್ತದೆ. ಮುಂದಿನ ಕಾರು ಇರುವುದು ಒಂದು ಮೀಟರ್ ದೂರದಲ್ಲಿ. ಅಂದರೆ ನೋಡಿ, ಯೋಚಿಸಿ, ತಪ್ಪಿಸಿಕೊಳ್ಳುವ ಪ್ರಶ್ನೆಯೇ ಇಲ್ಲ. ಏನಾಗಬಹುದು ಎಂದು ಮೊದಲೇ ಊಹಿಸಿರಬೇಕು.

ಹಾಗಾಗಿ ಓಟದ ವಾರದಲ್ಲಿ ಚಾಲಕನ ಕೆಲಸ ಬಹುಪಾಲು ಕೂತು ಮಾಡುವಂಥದ್ದು. ಹಳೆಯ ಓಟಗಳ ವಿಡಿಯೊ ಮತ್ತೆ ಮತ್ತೆ ನೋಡುತ್ತಾನೆ: ಯಾರು ಹಿಂದಿನಿಂದ ನಯವಾಗಿ ತಳ್ಳುತ್ತಾರೆ, ಯಾರು ಒರಟಾಗಿ ಗುದ್ದುತ್ತಾರೆ, ಕೊನೆಯ ಹತ್ತು ಸುತ್ತಿನಲ್ಲಿ ಯಾರ ತಾಳ್ಮೆ ಕೆಡುತ್ತದೆ. ಟ್ರ್ಯಾಕಿನಲ್ಲಿ ಅಭ್ಯಾಸಕ್ಕೆ ಸಿಗುವ ಸಮಯ ತೀರಾ ಕಡಿಮೆ, ಆದ್ದರಿಂದ ಸಿಮ್ಯುಲೇಟರ್ ಇದೆ. ಎಲ್ಲಕ್ಕಿಂತ ಮುಖ್ಯ ಸ್ಪಾಟರ್ ಜೊತೆಗಿನ ಮಾತುಕತೆ. ಸ್ಪಾಟರ್ ಎಂದರೆ ಕ್ರೀಡಾಂಗಣದ ನೆತ್ತಿಯ ಮೇಲೆ ನಿಂತು ರೇಡಿಯೊದಲ್ಲಿ ‘ಒಳಗೆ ಒಬ್ಬ ಇದ್ದಾನೆ’, ‘ಈಗ ಖಾಲಿ’ ಎಂದು ಹೇಳುತ್ತಿರುವವನು. ಚಾಲಕನ ತಲೆಯ ಎರಡೂ ಬದಿಗೆ ಸೀಟಿನ ರೆಕ್ಕೆಗಳಿರುವುದರಿಂದ ಅವನಿಗೆ ಪಕ್ಕ ಸರಿಯಾಗಿ ಕಾಣುವುದಿಲ್ಲ. ಮೂರೂವರೆ ಗಂಟೆ ಇನ್ನೊಬ್ಬನ ಕಣ್ಣನ್ನು ನಂಬಿ ಓಡಿಸುತ್ತಾನೆ. ಆ ಧ್ವನಿಯ ಏರಿಳಿತದಲ್ಲೇ ಗಾಬರಿ ಎಷ್ಟಿದೆ ಎಂದು ತಿಳಿಯುವಷ್ಟು ಪಳಗಿರಬೇಕು.

ದೇಹದ ತಯಾರಿಯೂ ಇದೆ. ಕಾರಿನೊಳಗೆ ಶಾಖ 50 ಡಿಗ್ರಿ ದಾಟಬಹುದು, ಮೈಮೇಲೆ ಬೆಂಕಿ ತಡೆಯುವ ದಪ್ಪ ಉಡುಪು. ಒಂದು ಓಟದಲ್ಲಿ ಬೆವರಿನಲ್ಲೇ ಎರಡು ಮೂರು ಕೆ.ಜಿ. ಇಳಿಯುತ್ತದೆ, ಹಾಗಾಗಿ ನೀರು ಕುಡಿಯುವ ಲೆಕ್ಕ ಎರಡು ದಿನ ಮೊದಲೇ ಶುರು. ಡೇಟೋನಾದ ತಿರುವಿನಲ್ಲಿ ದೇಹ ತನ್ನ ತೂಕದ ಎರಡು ಪಟ್ಟು ಬಲದಲ್ಲಿ ಸೀಟಿಗೆ ಒತ್ತಿಹೋಗುತ್ತದೆ, ಒಂದೂವರೆ ಪಟ್ಟು ಬಲದಲ್ಲಿ ಪಕ್ಕಕ್ಕೆ ಎಳೆಯಲ್ಪಡುತ್ತದೆ. 200 ಸುತ್ತು ಹೀಗೆ.

ಆಮೇಲೆ ಸೀಟು. ಚಾಲಕನನ್ನು ಕೂರಿಸಿ, ಅವನ ಮೈಗೆ ತಕ್ಕಂತೆ ಫೋಮ್ ತುಂಬಿ ಅಚ್ಚು ತೆಗೆಯುತ್ತಾರೆ. ಒಬ್ಬನ ಸೀಟು ಇನ್ನೊಬ್ಬನಿಗೆ ಆಗುವುದಿಲ್ಲ. ಭುಜ, ಸೊಂಟ, ತೊಡೆಯ ನಡುವೆ ಹಾದುಹೋಗುವ ಆರು ಅಥವಾ ಅದಕ್ಕಿಂತ ಹೆಚ್ಚು ಬೆಲ್ಟ್‌ಗಳನ್ನು ಉಸಿರು ಕಟ್ಟುವಷ್ಟು ಬಿಗಿಯುತ್ತಾರೆ. ಟ್ಯಾಲಡೇಗಾಕ್ಕೆ ಹೊರಟವನು ಗೆಲ್ಲಲು ಎಷ್ಟು ತಯಾರಾಗುತ್ತಾನೋ, ತನ್ನದಲ್ಲದ ತಪ್ಪಿಗೆ ಗೋಡೆಗೆ ಬಡಿಯಲೂ ಅಷ್ಟೇ ತಯಾರಾಗಿರುತ್ತಾನೆ.

ಭಯಂಕರ ಕಂಡದ್ದು ಒಂದು, ಕೊಂದದ್ದು ಇನ್ನೊಂದು

ಇದೇ ಡೇಟೋನಾದಲ್ಲಿ, 2001ರ ಫೆಬ್ರವರಿ 18ರಂದು, ಕೊನೆಯ ಸುತ್ತಿನಲ್ಲಿ ಡೇಲ್ ಅರ್ನ್‌ಹಾರ್ಟ್ ಸತ್ತ. ಏಳು ಸಲ ಚಾಂಪಿಯನ್, ಆ ಕ್ರೀಡೆಯ ಅತಿ ದೊಡ್ಡ ಹೆಸರು. ಟಿವಿಯಲ್ಲಿ ನೋಡಿದ ಎಷ್ಟೋ ಜನರಿಗೆ ಅದು ದೊಡ್ಡ ಅಪಘಾತ ಎಂದೇ ಅನಿಸಲಿಲ್ಲ. ಕಾರು ಹಾರಲಿಲ್ಲ, ಉರುಳಿಬೀಳಲಿಲ್ಲ. ಮೇಲಕ್ಕೆ ಜಾರಿ, ಕಾಂಕ್ರೀಟ್ ಗೋಡೆಗೆ ಮೂತಿ ಬಡಿದು, ಇನ್ನೊಂದು ಕಾರಿನ ಜೊತೆ ಕೆಳಗೆ ಜಾರಿ ಹುಲ್ಲಿನಲ್ಲಿ ನಿಂತಿತು. ಅಷ್ಟೇ.

ತನಿಖೆಯ ಪ್ರಕಾರ ಬಡಿಯುವಾಗ ಕಾರಿನ ವೇಗ ಗಂಟೆಗೆ ಸುಮಾರು 255 ಕಿ.ಮೀ. ಆದರೆ ಗೋಡೆಗೆ ಓರೆಯಾಗಿ ತಾಗಿದ್ದರಿಂದ ಆ ಕ್ಷಣದಲ್ಲಿ ಅದು ಕಳೆದುಕೊಂಡ ವೇಗ ಸುಮಾರು 70 ಕಿ.ಮೀ. ಮಾತ್ರ. ನಮ್ಮ ರಾಜ್ಯ ಹೆದ್ದಾರಿಯಲ್ಲಿ ನಿತ್ಯ ಓಡಿಸುವ ವೇಗ ಅದು. ಕೊಂದದ್ದು ಆ 70 ಎಷ್ಟು ಬೇಗ ಹೋಯಿತು ಎಂಬುದು: ಒಂದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಸಮಯದಲ್ಲಿ. ಆಗ ದೇಹದ ಮೇಲೆ ಬೀಳುವ ಬಲ ತೂಕದ 20 ಪಟ್ಟಿಗಿಂತ ಹೆಚ್ಚು. ತಲೆ ಮತ್ತು ಹೆಲ್ಮೆಟ್ ಸೇರಿ ಆರು ಕೆ.ಜಿ. ಎಂದುಕೊಂಡರೂ ಕುತ್ತಿಗೆಯಿಂದ 120 ಕೆ.ಜಿ. ನೇತುಹಾಕಿ ಜಗ್ಗಿದಂತೆ. ಬೆಲ್ಟ್ ಮುಂಡವನ್ನು ಹಿಡಿಯುತ್ತದೆ, ತಲೆಯನ್ನು ಹಿಡಿಯಲು ಏನೂ ಇಲ್ಲದಿದ್ದರೆ ಅದು ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಅರ್ನ್‌ಹಾರ್ಟ್‌ನ ತಲೆಬುರುಡೆಯ ಬುಡ ಮುರಿದಿತ್ತು. ಅದಕ್ಕೆ ಹಿಂದಿನ ವರ್ಷವೇ ಆಡಮ್ ಪೆಟಿ, ಕೆನಿ ಅರ್ವಿನ್, ಟೋನಿ ರೋಪರ್ ಎಂಬ ಮೂವರು ಚಾಲಕರು ಬೇರೆ ಟ್ರ್ಯಾಕುಗಳಲ್ಲಿ ಸತ್ತಿದ್ದರು.

ಈಗ ಪ್ರೀಸ್‌ನ ಪಲ್ಟಿಗಳನ್ನು ಇನ್ನೊಮ್ಮೆ ನೋಡಿ. ಪ್ರತಿ ಪಲ್ಟಿಯಲ್ಲೂ ಕಾರು ಸ್ವಲ್ಪ ವೇಗ ಕಳೆದುಕೊಂಡಿತು. ಕಾರಿನ ಭಾಗಗಳು ಕಿತ್ತು ಹಾರಿದಾಗಲೆಲ್ಲ ಇನ್ನಷ್ಟು ಶಕ್ತಿ ಅವುಗಳ ಜೊತೆ ಹೋಯಿತು. ಹತ್ತನೇ ಒಂದು ಸೆಕೆಂಡಿನಲ್ಲಿ ಆಗಬಹುದಾಗಿದ್ದ ನಿಲುಗಡೆ ಹಲವು ಸೆಕೆಂಡುಗಳಿಗೆ ಹರಡಿತು. ಕ್ರಿಕೆಟ್ಟಿನಲ್ಲಿ ವೇಗದ ಚೆಂಡು ಹಿಡಿಯುವವನು ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವುದು ಇದೇ ಕಾರಣಕ್ಕೆ. ಪಲ್ಟಿ ಸುರಕ್ಷಿತ ಎಂದು ಇದರ ಅರ್ಥವಲ್ಲ. ಛಾವಣಿ ಕುಸಿದರೆ, ಬೆಲ್ಟ್ ಬಿಚ್ಚಿ ಹೊರಗೆ ಎಸೆಯಲ್ಪಟ್ಟರೆ ಸಾವೇ. ಪಂಜರ ಕುಸಿಯದೆ, ಬೆಲ್ಟ್ ಬಿಡದೆ ಇದ್ದರೆ ಮಾತ್ರ ಆ ಸಮಯ ಚಾಲಕನ ಪರವಾಗಿ ಕೆಲಸ ಮಾಡುತ್ತದೆ.

ಅರ್ನ್‌ಹಾರ್ಟ್‌ನ ಇನ್ನೊಂದು ಕತೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಡೇಟೋನಾ 500 ಅವನಿಗೆ 19 ಪ್ರಯತ್ನದಲ್ಲೂ ಸಿಕ್ಕಿರಲಿಲ್ಲ. 1998ರಲ್ಲಿ ಗಾಲಿಕುರ್ಚಿಯ ಪುಟ್ಟ ಅಭಿಮಾನಿಯೊಬ್ಬಳು ಒಂದು ಸೆಂಟ್ ನಾಣ್ಯ ಕೊಟ್ಟಳು. ಅವನು ಅದನ್ನು ಕಾರಿನೊಳಗೆ ಅಂಟಿಸಿಕೊಂಡ, ಆ ಸಲ ಗೆದ್ದ. ನಾವು ಬಂಪರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುವಂತೆ ಅಲ್ಲೂ ನಂಬಿಕೆಗಳಿವೆ. ಹಸಿರು ಬಣ್ಣದ ಕಾರು ಅಪಶಕುನ, ಸಿಪ್ಪೆ ಸಹಿತ ಕಡಲೆಕಾಯಿ ಗ್ಯಾರೇಜಿಗೆ ತರಬಾರದು. ಯಾರಿಗೂ ಕೇಡಿಲ್ಲದ ನಂಬಿಕೆಗಳು. ಆದರೆ 2001ರ ಆ ದಿನ ತಲೆಯನ್ನು ಹಿಡಿದಿಡಬಲ್ಲ ಸಾಧನವೊಂದು ಮಾರುಕಟ್ಟೆಯಲ್ಲಿ ಇತ್ತು, ಅವನು ಅದನ್ನು ಹಾಕಿರಲಿಲ್ಲ. ಹಾಕಿದ್ದವರು ಬೆರಳೆಣಿಕೆಯಷ್ಟು ಮಂದಿ. ಕಿರಿಕಿರಿ, ತಲೆ ತಿರುಗಿಸಲು ಆಗುವುದಿಲ್ಲ ಎಂಬುದು ಉಳಿದವರ ದೂರು. ನಮ್ಮೂರಿನಲ್ಲಿ ಹೆಲ್ಮೆಟ್ ಬಗ್ಗೆ ಕೇಳುವ ಮಾತೇ.

ಆ ಸಾಧನದ ಹೆಸರು ಹ್ಯಾನ್ಸ್. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ರಾಬರ್ಟ್ ಹಬರ್ಡ್ ಮತ್ತು ಅವರ ಬಂಧು, ರೇಸ್ ಚಾಲಕ ಜಿಮ್ ಡೌನಿಂಗ್ 1980ರ ದಶಕದಲ್ಲೇ ಮಾಡಿದ್ದು. ಹೆಗಲ ಮೇಲೆ ಕೂರುವ ಕಾಲರ್, ಅದಕ್ಕೂ ಹೆಲ್ಮೆಟ್ಟಿಗೂ ಎರಡು ಪಟ್ಟಿ. ದೇಹ ನಿಂತಾಗ ತಲೆಯೂ ಜೊತೆಗೇ ನಿಲ್ಲುತ್ತದೆ. 2001ರ ಅಕ್ಟೋಬರಿನಲ್ಲಿ ನ್ಯಾಸ್ಕಾರ್ ಇಂಥ ಸಾಧನವನ್ನು ಕಡ್ಡಾಯ ಮಾಡಿತು. 2002ರಿಂದ ಕಾಂಕ್ರೀಟ್ ಗೋಡೆಗಳ ಮುಂದೆ ಉಕ್ಕಿನ ಕೊಳವೆ ಮತ್ತು ಫೋಮ್ ಸೇರಿದ ‘ಸೇಫರ್’ ತಡೆಗೋಡೆ ಬರತೊಡಗಿತು. ನೆಬ್ರಾಸ್ಕಾ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಇದು ಬಡಿದಾಗ ತಾನೇ ಸ್ವಲ್ಪ ಒಳಕ್ಕೆ ಸರಿದು ಕೊಡುತ್ತದೆ. ಎಲ್ಲ ಕಡೆ ಹಾಕಲು ದುಡ್ಡು ಖರ್ಚು ಎಂದು ಕೆಲವು ಗೋಡೆಗಳನ್ನು ಹಾಗೇ ಬಿಟ್ಟಿದ್ದರು. 2015ರಲ್ಲಿ ಡೇಟೋನಾದಲ್ಲಿ ಕೈಲ್ ಬುಶ್ ಸರಿಯಾಗಿ ಅಂಥದ್ದೇ ಬೋಳು ಗೋಡೆಗೆ ಬಡಿದು ಬಲಗಾಲು, ಎಡಪಾದ ಮುರಿದುಕೊಂಡ. ಆಮೇಲೆ ಅಲ್ಲೂ ತಡೆಗೋಡೆ ಬಂತು. ಕಾರು ಹಿಂದುಮುಂದಾಗಿ ತಿರುಗಿದಾಗ ಛಾವಣಿಯ ಮೇಲೆ ತಾವಾಗಿ ತೆರೆದುಕೊಂಡು ಅದು ಹಾರದಂತೆ ನೋಡುವ ರೆಕ್ಕೆಗಳು 1994ರಲ್ಲೇ ಬಂದಿದ್ದವು. ಪ್ರೀಸ್‌ನ ಅಪಘಾತದ ನಂತರ ಡೇಟೋನಾದವರು ಆ ಜಾಗದ ಹುಲ್ಲಿನ ಒಂದು ಭಾಗ ತೆಗೆದು ಡಾಂಬರು ಹಾಕಿದರು, ಜಾರುವ ಚಕ್ರ ಮಣ್ಣಿಗೆ ಹೂತು ಕಾರು ಮಗುಚದಿರಲಿ ಎಂದು.

ಅರ್ನ್‌ಹಾರ್ಟ್‌ನ ನಂತರ ನ್ಯಾಸ್ಕಾರ್‌ನ ಅಗ್ರ ಸರಣಿಯಾದ ಕಪ್ ಓಟಗಳಲ್ಲಿ ಒಬ್ಬ ಚಾಲಕನೂ ಅಪಘಾತದಿಂದ ಸತ್ತಿಲ್ಲ. ಅಪಘಾತಗಳೇನೂ ನಿಂತಿಲ್ಲ. 2020ರ ಡೇಟೋನಾ 500ರ ಕೊನೆಯಲ್ಲಿ ರಯಾನ್ ನ್ಯೂಮನ್‌ನ ಕಾರು ಗೋಡೆಗೆ ಬಡಿದು ಮಗುಚಿತು, ಚಾಲಕನ ಬದಿಗೇ ಇನ್ನೊಂದು ಕಾರು ಪೂರ್ಣ ವೇಗದಲ್ಲಿ ಗುದ್ದಿತು. ಎರಡು ದಿನದ ನಂತರ ಅವನು ಇಬ್ಬರು ಹೆಣ್ಣುಮಕ್ಕಳ ಕೈ ಹಿಡಿದು ಆಸ್ಪತ್ರೆಯಿಂದ ನಡೆದು ಬಂದ. ಆ ಫೋಟೊ ನೋಡಿ ಪವಾಡ ಎನ್ನದೆ ಇರುವುದು ನನಗೂ ಕಷ್ಟ. ಆದರೆ ಅವನ ತಲೆಯ ಮೇಲಿದ್ದ ಪಂಜರದ ಒಂದು ಅಡ್ಡಕೊಳವೆಗೆ ‘ನ್ಯೂಮನ್ ಬಾರ್’ ಎಂದೇ ಹೆಸರು. ಅವನ ಹಿಂದಿನ ಅಪಘಾತಗಳನ್ನು ನೋಡಿ, ಛಾವಣಿ ಕುಸಿಯದಂತೆ ಸೇರಿಸಿದ್ದು ಅದು.

‘ಹಳೇ ಕಾರು ಗಟ್ಟಿ, ಈಗಿನದು ತಗಡು’

ಈ ಫಾರ್ವರ್ಡ್ ನೀವು ನೋಡಿಯೇ ಇರುತ್ತೀರಿ. ಒಂದು ಕಡೆ ಅಂಬಾಸಿಡರ್, ಇನ್ನೊಂದು ಕಡೆ ಮುಂಭಾಗ ಮುದ್ದೆಯಾದ ಹೊಸ ಕಾರು. ಇದಕ್ಕೂ ಸ್ಟಾಕ್ ಕಾರ್ ಜಗತ್ತಿನಲ್ಲಿ ಉತ್ತರವಿದೆ.

2022ರಲ್ಲಿ ಬಂದ ಹೊಸ ಕಾರಿನ ಹಿಂಭಾಗ ತುಂಬ ಗಡಸಾಗಿತ್ತು. ಆ ವರ್ಷದ ಜುಲೈನಲ್ಲಿ ಪೊಕೊನೊ ಟ್ರ್ಯಾಕಿನ ಅರ್ಹತಾ ಸುತ್ತಿನಲ್ಲಿ ಮಾಜಿ ಚಾಂಪಿಯನ್ ಕರ್ಟ್ ಬುಶ್ ಹಿಂಬದಿಯಿಂದ ಗೋಡೆಗೆ ಬಡಿದ. ಪಲ್ಟಿಯಿಲ್ಲ, ಬೆಂಕಿಯಿಲ್ಲ, ಫಾರ್ವರ್ಡ್ ಮಾಡುವಂಥ ವಿಡಿಯೊ ಅಲ್ಲವೇ ಅಲ್ಲ. ಮಿದುಳಿಗೆ ಪೆಟ್ಟಾಗಿತ್ತು. ಅವನು ಮತ್ತೆ ಕಪ್ ಓಟಕ್ಕೆ ಬರಲಿಲ್ಲ, ಮುಂದಿನ ವರ್ಷ ನಿವೃತ್ತಿ ಘೋಷಿಸಿದ. ಅದೇ 2022ರಲ್ಲಿ ಅಲೆಕ್ಸ್ ಬೋಮನ್ ಕೂಡ ಹಿಂಬದಿಯ ಹೊಡೆತಕ್ಕೆ ಸಿಕ್ಕಿ ಕೆಲವು ವಾರ ಹೊರಗುಳಿದ. ಕಾರು ಮುದ್ದೆಯಾಗದಿದ್ದರೆ ಆ ಪೆಟ್ಟು ಒಳಗೆ ಕೂತವನಿಗೆ ಹೋಗುತ್ತದೆ. 2023ಕ್ಕೆ ಹಿಂಭಾಗ ಸುಲಭವಾಗಿ ಮಡಚಿಕೊಳ್ಳುವಂತೆ ವಿನ್ಯಾಸ ಬದಲಿಸಿದರು. ನಿಮ್ಮ ಹೊಸ ಕಾರಿನ ಮೂತಿ ಮುದ್ದೆಯಾಗುವುದೂ ಉದ್ದೇಶಪೂರ್ವಕ. ಗಟ್ಟಿ ಇರಬೇಕಾದದ್ದು ಜನ ಕೂರುವ ಕೋಣೆ, ಸುತ್ತಲಿನದು ಮುರಿಯಬೇಕು.

ಇನ್ನೊಂದು ಹಳೆಯ ಮಾತು: ‘ಬೆಲ್ಟ್ ಹಾಕಿದ್ದರೆ ಪಲ್ಟಿಯಾದಾಗ ಒಳಗೇ ಸಿಕ್ಕಿಕೊಳ್ಳುತ್ತೇವೆ, ಇಲ್ಲದಿದ್ದರೆ ಹೊರಗೆ ಬಿದ್ದು ಬದುಕುತ್ತೇವೆ.’ ಪ್ರೀಸ್ ಉಳಿದದ್ದು ಒಳಗೇ ಸಿಕ್ಕಿಕೊಂಡಿದ್ದಕ್ಕೆ. ಹಿಂದಿನ ಸೀಟಿನಲ್ಲಿ ಬೆಲ್ಟ್ ಬೇಡ ಎಂಬುದೂ ಹೀಗೆಯೇ. 2022ರ ಸೆಪ್ಟೆಂಬರಿನಲ್ಲಿ ಮುಂಬೈ-ಅಹಮದಾಬಾದ್ ಹೆದ್ದಾರಿಯಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಕೂತಿದ್ದದ್ದು ಐಷಾರಾಮಿ ಕಾರಿನ ಹಿಂದಿನ ಸೀಟಿನಲ್ಲಿ, ಬೆಲ್ಟ್ ಇಲ್ಲದೆ. ಅಲ್ಲಿದ್ದ ಇಬ್ಬರೂ ಸತ್ತರು, ಮುಂದೆ ಕೂತಿದ್ದ ಇಬ್ಬರು ಬದುಕಿದರು.

ಹಾಗಾದರೆ ಅದೃಷ್ಟ ಎನ್ನುವುದೇ ಇಲ್ಲವೇ? ಇದೆ. ಯಾವ ಕೋನದಲ್ಲಿ ತಾಗಿತು, ಹಿಂದಿನ ಕಾರು ಎಲ್ಲಿ ಗುದ್ದಿತು ಎಂಬುದು ಯಾರ ಕೈಯಲ್ಲೂ ಇಲ್ಲ. 2025ರ ಫೆಬ್ರವರಿಯಲ್ಲಿ ಅದೇ ಡೇಟೋನಾದಲ್ಲಿ ಪ್ರೀಸ್‌ನ ಕಾರು ಮತ್ತೆ ಗಾಳಿಗೆ ಎದ್ದಿತು. ಈ ಸಲ ಹುಲ್ಲಿನ ತಪ್ಪೂ ಇರಲಿಲ್ಲ. ಕಾರಿನಡಿ ಗಾಳಿ ನುಗ್ಗಿ, ಮೂತಿ ಆಕಾಶಕ್ಕೆ ಎದ್ದು ಮಗುಚಿಬಿತ್ತು. ಸದ್ದೆಲ್ಲ ನಿಂತ ಆ ಕ್ಷಣದಲ್ಲಿ ನೆನಪಾದದ್ದು ತನ್ನ ಮಗಳು ಎಂದು ಅವನು ಆಮೇಲೆ ಹೇಳಿದ. ಕಾರು ಹಾರುವುದನ್ನು ತಡೆಯುವ ಕೆಲಸ ಇನ್ನೂ ಮುಗಿದಿಲ್ಲ ಎಂಬುದು ಅಂದು ಎಲ್ಲರಿಗೂ ಕಂಡಿತು.

ಎರಡು ತಿಂಗಳ ನಂತರ, ಏಪ್ರಿಲ್ 27ಕ್ಕೆ, ಮತ್ತೆ ಟ್ಯಾಲಡೇಗಾ. ಪ್ರೀಸ್ ಅಲ್ಲಿ ಎರಡನೆಯವನಾಗಿ ಗೆರೆ ದಾಟಿದ. ಓಟದ ನಂತರದ ತಪಾಸಣೆಯಲ್ಲಿ ಕಾರಿನ ಹಿಂಬದಿಯ ಸ್ಪಾಯ್ಲರ್ ಕೆಳಗೆ ನಿಯಮ ಮೀರಿ ಒಂದು ತೆಳು ಪಟ್ಟಿ ಹೆಚ್ಚಿಗೆ ಇಟ್ಟದ್ದು ಸಿಕ್ಕಿತು. ಅವನನ್ನು ಅನರ್ಹಗೊಳಿಸಿದರು.